ಒಂದೇ ಚಾಕು ಸಾಕು ಅನ್ನುವವರಿಗೆ

ಪುಣೆಯ ಖಡಕಿ ಬಜಾರಿನಲ್ಲಿ ಬೆಳಿಗ್ಗೆ ಅಂಗಡಿಗಳ ಮುಂದೆ ಸರಕು ಬಂದಿಳಿಯುವ ಹೊತ್ತಿಗೆ, ರಟ್ಟಿನ ಪೆಟ್ಟಿಗೆಗಳನ್ನು ಜನ ಯಾವುದರಿಂದ ಬಿಚ್ಚುತ್ತಾರೆ ಎಂದು ನೋಡಬೇಕು. ಸ್ಕೂಟರಿನ ಕೀಲಿ, ಬಾಲ್‌ಪೆನ್ನು, ಹಲ್ಲು, ಬಟ್ಟೆ ಸುತ್ತಿದ ಮುರುಕು ಗರಗಸದ ಬ್ಲೇಡು, ಮನೆಯಿಂದ ತಂದ ತರಕಾರಿ ಚಾಕು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಈರುಳ್ಳಿ ಹೆಚ್ಚುವುದೂ ಅದೇ ತರಕಾರಿ ಚಾಕು. ಖಡಕಿಯೇ ಏಕೆ, ಹುಬ್ಬಳ್ಳಿಯಲ್ಲೂ ಬೆಂಗಳೂರಿನ ಚಿಕ್ಕಪೇಟೆಯಲ್ಲೂ ಕಾಣುವುದು ಇದೇ. ಹಗ್ಗ, ಪ್ಲಾಸ್ಟಿಕ್ ಪಟ್ಟಿ, ಟೇಪು, ಗೋಣಿಚೀಲ, ವೈರಿನ ಮೇಲುಹೊದಿಕೆ, ಪೇರಲಹಣ್ಣು ಎಂದು ದಿನವಿಡೀ ಏನನ್ನಾದರೂ ಕತ್ತರಿಸುತ್ತಲೇ ಇರುವ ನಮ್ಮ ಜನಕ್ಕೆ ಜೇಬಿನಲ್ಲಿ ಒಂದು ಅಲಗು ಇಟ್ಟುಕೊಳ್ಳುವುದು ಮಾತ್ರ ಸಭ್ಯರ ಲಕ್ಷಣವಾಗಿ ಕಾಣುವುದಿಲ್ಲ.

ಇವರಿಗೆ ಎದುರಾಗಿ ಇನ್ನೊಂದು ಪಂಗಡವಿದೆ. ಸಾವಿರಾರು ರೂಪಾಯಿ ಕೊಟ್ಟು ಒಳ್ಳೆಯ ಮಡಚುವ ಚಾಕು ಕೊಂಡು, ಇದೊಂದಿದ್ದರೆ ಎಲ್ಲಕ್ಕೂ ಸಾಕು ಎಂದು ಹೇಳಿಕೊಂಡು ತಿರುಗುವವರು. ಚಾಕೇ ಇಟ್ಟುಕೊಳ್ಳದವರಿಗಿಂತ ಇವರು ವಾಸಿ, ಆದರೆ ಇವರ ಲೆಕ್ಕವೂ ತಪ್ಪು. ದಿನಬಳಕೆಗೆ ಬೇಕಾದ್ದು ಎರಡು. ಒಂದು ಮಡಚುವ ಚಾಕು. ಇನ್ನೊಂದು, ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ ‘ಕಟರ್’ ಎಂದು ಕೇಳಿದರೆ ಕೊಡುವ, ಮೊಂಡಾದ ತುದಿಯನ್ನು ಚಿಟಕ್ಕೆಂದು ಮುರಿದು ಹೊಸ ತುದಿ ಹೊರತಳ್ಳುವ ಅಗ್ಗದ ವಸ್ತು.

ಒಂದು ಸಾಲದು ಏಕೆ ಎನ್ನುವುದಕ್ಕೆ ಉತ್ತರ ರಟ್ಟಿನಲ್ಲೇ ಇದೆ. ನೋಡಲು ಮೆದು. ಆದರೆ ಹಳೆಯ ಕಾಗದವನ್ನು ಕಲಸಿ ಮತ್ತೆ ಮಾಡಿದ ರಟ್ಟಿನಲ್ಲಿ ಸಣ್ಣ ಮರಳು, ಜೇಡಿಯ ಕಣ ಉಳಿದಿರುತ್ತವೆ. ಅದನ್ನು ಉದ್ದಕ್ಕೆ ಸೀಳುವುದೆಂದರೆ ಅಲಗನ್ನು ಉಪ್ಪುಕಾಗದದ ಮೇಲೆ ಎಳೆದಂತೆ. ಹತ್ತಿಪ್ಪತ್ತು ಪೆಟ್ಟಿಗೆ ಕತ್ತರಿಸುವಷ್ಟರಲ್ಲಿ ಎಂಥ ಉಕ್ಕಿನ ಬಾಯಿಯೂ ಸತ್ತುಹೋಗುತ್ತದೆ, ಟೇಪಿನ ಅಂಟು ಅಲಗಿಗೆ ಮೆತ್ತಿಕೊಳ್ಳುತ್ತದೆ. ಚಾಕಿನ ಮಾಲೀಕ ಭಾನುವಾರ ಸಾಣೆಕಲ್ಲು ಹಿಡಿದು ಕೂರಬೇಕು. ನಿಜ ಹೇಳಬೇಕೆಂದರೆ ಕೂರುವುದಿಲ್ಲ. ಮೊಂಡು ಚಾಕನ್ನೇ ಇನ್ನಷ್ಟು ಒತ್ತಿ ಎಳೆಯುತ್ತಾನೆ. ಬಿಗಿದ ಪ್ಲಾಸ್ಟಿಕ್ ಪಟ್ಟಿ ಕೊನೆಗೊಮ್ಮೆ ಫಟ್ಟೆಂದು ಕಡಿದಾಗ ತೋಳಿನ ಬಲವೆಲ್ಲ ನಿಲ್ಲಲು ಜಾಗವಿಲ್ಲದೆ ಮುಂದಕ್ಕೆ ನುಗ್ಗುತ್ತದೆ, ಎದುರಿಗೆ ಪೆಟ್ಟಿಗೆ ಹಿಡಿದ ಎಡಗೈ ಇರುತ್ತದೆ. ಅಡುಗೆಮನೆಯಲ್ಲಿ ಅಜ್ಜಿಯಂದಿರು ಮೊಂಡು ಈಳಿಗೆ ಕಂಡರೆ ಸಿಡುಕುತ್ತಿದ್ದುದು ಸುಮ್ಮನೆ ಅಲ್ಲ.

ಹೊಟ್ಟೆಯ ಮಾತೂ ಇದೆ. ಗೊಬ್ಬರದ ಚೀಲ, ಕೀಟನಾಶಕದ ಪೊಟ್ಟಣ, ಫಿನಾಯಿಲಿನ ಪೆಟ್ಟಿಗೆ ಸೀಳಿದ ಅಲಗನ್ನು ಪ್ಯಾಂಟಿಗೆ ಒರೆಸಿ ಮಾವಿನಹಣ್ಣು ಹೆಚ್ಚುವುದನ್ನು ರೈಲಿನಲ್ಲಿ, ಹೊಲದ ಬದುವಿನಲ್ಲಿ ಯಾರು ನೋಡಿಲ್ಲ? ಮಡಚುವ ಚಾಕಿನ ಕೀಲಿನ ಸಂದಿಗೆ ಹೊಕ್ಕ ಕೊಳೆ ಒರೆಸಿದರೆ ಹೋಗುವುದಿಲ್ಲ. ಹೊಲಸಿನ ಕೆಲಸಕ್ಕೆ ಬೇರೆ ಅಲಗು ಇದ್ದರೆ ಈ ಪ್ರಶ್ನೆಯೇ ಏಳದು.

ಇದು ಹೊರಗಿನಿಂದ ಬಂದ ಶೋಕಿ ಎನ್ನುವವರು ಮಲೆನಾಡಿನ ಯಾವುದಾದರೂ ಅಡಿಕೆ ಮನೆಗೆ ಹೋಗಿ ನೋಡಲಿ. ಸಿಪ್ಪೆ ಸುಲಿಯಲು ಮೆಟ್ಟುಗತ್ತಿ, ತಿನ್ನುವ ಅಡಿಕೆ ಕತ್ತರಿಸಲು ಅಡಕತ್ತರಿ, ತರಕಾರಿಗೆ ಈಳಿಗೆ, ಸೊಪ್ಪು ಕಡಿಯಲು ಸೊಂಟದ ಕತ್ತಿ. ಈಳಿಗೆಯಲ್ಲಿ ಅಡಿಕೆ ಸುಲಿಯಲು ಹೊರಟವನನ್ನು ಆ ಮನೆಯಲ್ಲಿ ಯಾರೂ ಬುದ್ಧಿವಂತ ಎನ್ನುವುದಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಅಲಗು ಎಂಬ ತಿಳಿವಳಿಕೆ ಊರಲ್ಲಿ ಇತ್ತು. ಪ್ಯಾಂಟು ಹಾಕಿಕೊಂಡು ಪೇಟೆಗೆ ಬಂದ ಮೇಲೆ ಅದು ಕಳೆದುಹೋಯಿತು.

ಮೊಂಡಾದದ್ದನ್ನು ತೆಗೆದು ಹೊಸದು ಹಾಕುವ ವಿಚಾರವೂ ಹಳೆಯದೇ. ನೇಗಿಲಿನಲ್ಲಿ ಕುಳ ಸವೆಯುತ್ತದೆ, ಅದನ್ನು ಬದಲಾಯಿಸಿ ನೇಗಿಲನ್ನು ಉಳಿಸಿಕೊಳ್ಳುತ್ತಾರೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು, ಮೊದಮೊದಲು ತಯಾರಿಸಿದ ವಸ್ತುಗಳಲ್ಲಿ ಕಬ್ಬಿಣದ ನೇಗಿಲೂ ಮೇವು ಕತ್ತರಿಸುವ ಯಂತ್ರವೂ ಇದ್ದವು. ಮೇವಿನ ಯಂತ್ರದ ಚಕ್ರಕ್ಕೆ ಅಲಗನ್ನು ಬೋಲ್ಟಿನಿಂದ ಬಿಗಿದಿರುತ್ತಾರೆ. ಮೊಂಡಾದರೆ ಬಿಚ್ಚಿ ಸಾಣೆ ಹಿಡಿಸಬಹುದು, ಸವೆದರೆ ಬೇರೆ ಹಾಕಬಹುದು, ಚಕ್ರ ಮಾತ್ರ ಹಾಗೇ ಇರುತ್ತದೆ. ಅವರ ಮನೆತನದ ಆಯಿಲ್ ಎಂಜಿನ್ ಕಂಪನಿ 1946ರಲ್ಲಿ ಶುರುವಾಗಿ ನೆಲೆಯೂರಿದ್ದು ಇದೇ ಖಡಕಿಯಲ್ಲಿ. ಕಬ್ಬಿಣದ ನೇಗಿಲು ಉತ್ತರೆ ಭೂಮಿಗೆ ವಿಷವಾಗುತ್ತದೆ ಎಂದು ಆಗಿನ ರೈತರು ವರ್ಷಗಟ್ಟಲೆ ಅದನ್ನು ಕೊಳ್ಳದೆ ಉಳಿದಿದ್ದರು. ಎರಡು ರೂಪಾಯಿಯ ಬ್ಲೇಡು ಗಂಡಸಿಗೆ ಶೋಭೆಯಲ್ಲ ಎನ್ನುವ ಇಂದಿನ ಚಾಕು ಪ್ರಿಯರ ಹಟ ಅದಕ್ಕಿಂತ ಬಹಳ ಬೇರೆಯೇನಲ್ಲ.

ಜೇಬಿನ ಗಾತ್ರಕ್ಕೆ ಈ ಉಪಾಯವನ್ನು ತಂದವರು ಒಸಾಕಾದ ಯೋಶಿಯೋ ಒಕಾಡಾ, 1956ರಲ್ಲಿ. ಕಾಗದ ಕತ್ತರಿಸುವ ಕೆಲಸದಲ್ಲಿದ್ದ ಅವರಿಗೆ, ಮೂಲೆ ಮೊಂಡಾದ ಮಾತ್ರಕ್ಕೆ ಇಡೀ ಬ್ಲೇಡು ಎಸೆಯಬೇಕಾಗುವುದು ಹೊಟ್ಟೆ ಉರಿಸುತ್ತಿತ್ತು. ಚಪ್ಪಲಿ ಹೊಲಿಯುವವರು ಗಾಜಿನ ಚೂರನ್ನು ಮುರಿಮುರಿದು ಹೊಸ ಅಂಚು ಮಾಡಿಕೊಳ್ಳುತ್ತಿದ್ದುದು, ಗೆರೆ ಹಾಕಿದ ಚಾಕೊಲೆಟ್ಟು ಗೆರೆಯಲ್ಲೇ ಮುರಿಯುತ್ತಿದ್ದುದು ಅವರ ತಲೆಯಲ್ಲಿ ಕೂಡಿಕೊಂಡವು. ಅವರು ಕಟ್ಟಿದ ಒಲ್ಫಾ ಕಂಪನಿಯ ಹೆಸರಿಗೆ ಜಪಾನಿಯಲ್ಲಿ ‘ಮುರಿಯುವ ಅಲಗು’ ಎಂದೇ ಅರ್ಥ. ಇವತ್ತು ಒಂದು ಅಲಗಿಗೆ ಒಂದು ಕಪ್ ಚಹಾದಷ್ಟೂ ಬೆಲೆ ಬೀಳುವುದಿಲ್ಲ, ಅದರಲ್ಲಿ ಹಲವು ತುದಿಗಳಿರುತ್ತವೆ. ಮನೆಗೆ 9 ಮಿಲಿಮೀಟರ್ ಅಗಲದ್ದು ಸಾಕು. ದಪ್ಪ ರಟ್ಟು, ರೆಕ್ಸಿನ್, ಜಿಪ್ಸಮ್ ಹಲಗೆಗೆ 18ರದು.

ಹಾಗಾದರೆ ಕಟರ್ ಒಂದೇ ಸಾಕಲ್ಲ, ಮಡಚುವ ಚಾಕು ಏಕೆ ಎಂಬ ಪ್ರಶ್ನೆಯನ್ನು ಜಿಪುಣರು ಎತ್ತುತ್ತಾರೆ. ಕಟರಿನ ಅಲಗು ಮುರಿಯಲೆಂದೇ ಮಾಡಿದ್ದು. ನೇರ ಎಳೆದರೆ ಬೆಣ್ಣೆಯಂತೆ ಹೋಗುತ್ತದೆ, ಪಕ್ಕಕ್ಕೆ ತಿರುಚಿದರೆ ತುಂಡು ಸಿಡಿದು ಎಲ್ಲಿಗೆ ಹಾರುತ್ತದೋ ಹೇಳಲಾಗದು. ಮರದ ಬೆಣೆ ಕೆತ್ತಲು, ಬಿದಿರು ಸೀಳಲು, ಬಿಗಿದ ಗಂಟಿನ ಕೆಳಗೆ ತೂರಿಸಲು ಅದು ಬರುವುದಿಲ್ಲ. ತುಕ್ಕು ಹಿಡಿಯದಿರಲೆಂದು ಹೊಸ ಅಲಗಿಗೆ ಎಣ್ಣೆ ಸವರಿರುತ್ತಾರೆ. ಅದರಲ್ಲಿ ಹಣ್ಣು ಹೆಚ್ಚುವ ಮಾತೇ ಇಲ್ಲ.

ಇನ್ನು ಪೊಲೀಸರ ಭಯ. ಇದು ಹುಸಿ ಭಯವೇನಲ್ಲ, ಆದರೆ ಅದನ್ನು ತೋರಿಸಿ ಎಲ್ಲರ ಬಾಯಿ ಮುಚ್ಚಿಸುವುದು ಸರಿಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗಿನ ನಿಯಮಗಳು ಆಯುಧವೆಂದು ಎಣಿಸುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವನ್ನು ಅಲ್ಲಿ ಹೊರಗಿಟ್ಟಿದ್ದಾರೆ. ಆದರೆ ಮಹಾರಾಷ್ಟ್ರದಲ್ಲಿ ಇನ್ನೊಂದು ಇದೆ. 1951ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಪೊಲೀಸ್ ಆಯುಕ್ತರು ಕೋಲು, ಚಾಕು, ಹೊಡೆದಾಟಕ್ಕೆ ಬಳಸಬಹುದಾದ ಯಾವುದೇ ವಸ್ತುವನ್ನು ಒಯ್ಯಬಾರದೆಂದು ಆದೇಶ ಹೊರಡಿಸಬಹುದು. ಹಬ್ಬ, ಚುನಾವಣೆ, ಮೋರ್ಚಾ ಎಂದು ಅದು ಮತ್ತೆಮತ್ತೆ ಬರುತ್ತದೆ. ಈ ಆದೇಶದ ಬಿಸಿ ತಟ್ಟುವುದು ಯಾರಿಗೆ? ಪೆಟ್ಟಿಗೆಯಲ್ಲಿ ಹತ್ತು ಚಾಕು ಜೋಡಿಸಿಟ್ಟ ಹವ್ಯಾಸಿಗಲ್ಲ. ಕಲಬುರಗಿಯಿಂದಲೋ ಯಾದಗಿರಿಯಿಂದಲೋ ದುಡಿಯಲು ಬಂದು, ಮರಾಠಿ ಅರ್ಧಂಬರ್ಧ ಬರುವ, ರಾತ್ರಿ ಒಂಬತ್ತಕ್ಕೆ ಸೀಲಿಂಗ್ ಕೆಲಸ ಮುಗಿಸಿ ನಡೆದು ಹೋಗುವ ಹುಡುಗನಿಗೆ. ಅವನ ಜೇಬಿನ ಕಟರ್ ಅವನ ಹೊಟ್ಟೆಪಾಡು ಎಂದು ತಪಾಸಣೆಗೆ ನಿಂತವರಿಗೆ ಹೇಳಿಕೊಟ್ಟವರು ಯಾರೂ ಇಲ್ಲ. ಕೊಡಗಿನ ಮದುವೆಯಲ್ಲಿ ಗಂಡಿನ ಸೊಂಟದ ಪೀಚೆಕತ್ತಿ ಕಂಡು ಯಾರೂ ಗಾಬರಿಯಾಗುವುದಿಲ್ಲ, ಏಕೆಂದರೆ ಅದು ಅಲ್ಲಿ ಏಕಿದೆ ಎಂದು ಎಲ್ಲರಿಗೂ ಗೊತ್ತು. ಓದಿದವರು, ಆಫೀಸಿನವರು ಕೂಡ ಚಾಕು ಕಟರ್‌ಗಳನ್ನು ಉಪಕರಣವೆಂದೇ ಚೀಲದಲ್ಲಿಟ್ಟುಕೊಂಡು ಎಲ್ಲರೆದುರು ಬಳಸಿದರೆ ಆ ಹುಡುಗನ ಕಟರೂ ಉಪಕರಣವಾಗಿ ಕಂಡೀತು. ಆದೇಶ ಜಾರಿಯಲ್ಲಿರುವ ದಿನಗಳಲ್ಲಿ ಇವನ್ನು ಹೊರಗೆ ಒಯ್ಯದಿರುವುದೇ ಲೇಸು. ಕೆಲಸಕ್ಕೆ ಬೇಕೇಬೇಕಾದವರು ಅವನ್ನು ಉಳಿದ ಸಾಮಾನಿನ ಜೊತೆ ಚೀಲದ ತಳದಲ್ಲಿಟ್ಟು, ಗುತ್ತಿಗೆದಾರನಿಂದ ಒಂದು ಚೀಟಿ ಬರೆಸಿಕೊಂಡಿರಬೇಕು. ಗುಂಡಿ ಒತ್ತಿದರೆ ಚಿಮ್ಮುವ ಚಾಕನ್ನು ಮಾತ್ರ ಯಾವ ದಿನವೂ ಕೊಳ್ಳಬಾರದು. ದಿನದ ಕೆಲಸಕ್ಕೆ ಅದರಿಂದ ಒಂದು ಕಾಸಿನ ಲಾಭವಿಲ್ಲ.

ಕಟರಿನ ವಿರುದ್ಧ ಇರುವ ನಿಜವಾದ ಆಕ್ಷೇಪ ಬೇರೆ, ಅದನ್ನು ಚಾಕು ಪ್ರಿಯರು ಎತ್ತುವುದೇ ಇಲ್ಲ. ಮುರಿದ ತುದಿಗಳು ಎಲ್ಲಿಗೆ ಹೋಗುತ್ತವೆ? ಕಸದ ಬುಟ್ಟಿಗೆ, ಅಲ್ಲಿಂದ ಅದನ್ನು ಬರಿಗೈಯಲ್ಲಿ ಬೇರ್ಪಡಿಸುವ ಹೆಂಗಸರ ಬೆರಳಿಗೆ. ಪುಣೆಯಲ್ಲಿ ಕಸ ಆಯುವವರದ್ದೇ ಆದ ಸಹಕಾರ ಸಂಘ ‘ಸ್ವಚ್ಛ್’ ಇದೆ. ಬಳಸಿದ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಇಟ್ಟುಕೊಡಿ ಎಂದು ಅವರು ವರ್ಷಗಳಿಂದ ಮನೆಮನೆಗೆ ಹೇಳುತ್ತ ಬಂದಿದ್ದಾರೆ. ಬ್ಲೇಡಿಗೂ ಅಷ್ಟೇ ಮರ್ಯಾದೆ ಬೇಕು. ತುದಿಯನ್ನು ಇಕ್ಕಳದಲ್ಲಿ ಹಿಡಿದು, ಮುಖದಿಂದ ದೂರಕ್ಕೆ ಬಾಗಿಸಿ ಮುರಿದು, ಮುಚ್ಚಳವಿರುವ ಹಳೆಯ ಮಾತ್ರೆ ಡಬ್ಬಿಗೆ ಹಾಕುತ್ತ ಹೋದರೆ ಅದು ತುಂಬಲು ವರ್ಷಗಳೇ ಹಿಡಿಯುತ್ತವೆ. ತುಂಬಿದ ದಿನ ಸುತ್ತಲೂ ಟೇಪು ಸುತ್ತಿ, ಕಸದ ಚೀಲದೊಳಗೆ ತುರುಕದೆ, ಒಳಗೆ ಬ್ಲೇಡಿದೆ ಅಕ್ಕಾ ಎಂದು ಹೇಳಿ ಕೈಗೇ ಕೊಡಬೇಕು.