ಇಪ್ಪತ್ತೋ, ಎಪ್ಪತ್ತೋ?

ಮಕ್ಕಳೇ, ಬಾಯಿಗೆ ಟವೆಲ್ ಅಡ್ಡ ಹಿಡಿದು ‘ಇಪ್ಪತ್ತು’ ಎನ್ನಿ, ಆಮೇಲೆ ‘ಎಪ್ಪತ್ತು’ ಎನ್ನಿ. ಪಕ್ಕದ ಕೋಣೆಯ ಅಜ್ಜಿಗೆ ಯಾವುದು ಯಾವುದೆಂದು ತಿಳಿಯಿತೇ? ಈಗ ‘ಮಕ್ಕಂದೂರು’, ‘ಮುಕ್ಕೋಡ್ಲು’ ಎಂದು ನೋಡಿ. ಎರಡೂ ಮಡಿಕೇರಿ ಬಳಿಯ ಊರುಗಳು. 2018ರ ಆಗಸ್ಟ್‌ನಲ್ಲಿ ಎರಡು ಕಡೆಯೂ ಗುಡ್ಡ ಕುಸಿಯಿತು. ಕೊಡಗಿನ ಹಲವೆಡೆ ದಾರಿ ಮುಚ್ಚಿ, ಕರೆಂಟು ಹೋಗಿ, ಮೊಬೈಲೂ ಸುಮ್ಮನಾದ ದಿನಗಳು ಅವು. ಅಂಥ ಹೊತ್ತಿನಲ್ಲಿ ಊರಿನ ಹೆಸರು ತಪ್ಪಿ ಕೇಳಿಸಿದರೆ ಜೀಪು ಬೇರೆ ಗುಡ್ಡ ಹತ್ತುತ್ತದೆ.

ಮೊಬೈಲ್ ಟವರಿನ ಹಂಗಿಲ್ಲದೆ ಮಾತನಾಡುವ ಸಾಧನ ಹ್ಯಾಮ್ ರೇಡಿಯೊ. ಹಿಂದೆ ರೇಡಿಯೊ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತೆಂದು ಅಜ್ಜಂದಿರಿಗೆ ನೆನಪಿದ್ದೀತು. ಹ್ಯಾಮ್‌ಗಳದ್ದು ಮಾತನಾಡುವ ಲೈಸೆನ್ಸ್, ಪರೀಕ್ಷೆ ಪಾಸಾಗಬೇಕು. ಇವರು ಒಬ್ಬರನ್ನೊಬ್ಬರು ‘ಓಎಂ’, ಅಂದರೆ ಓಲ್ಡ್ ಮ್ಯಾನ್ ಎಂದು ಕರೆಯುತ್ತಾರೆ. ಹೈಸ್ಕೂಲ್ ಹುಡುಗನೂ ಅಲ್ಲಿ ಮುದುಕನೇ!

ಈಗೀಗ ಹ್ಯಾಮ್‌ಗಳ ಮೇಜಿನ ಮೇಲೆ ಸಾಫ್ಟ್‌ವೇರ್ ರೇಡಿಯೊ ಕೂತಿದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಎಸ್‌ಬಿಟ್‌ಎಕ್ಸ್ ಅಂಥದ್ದೊಂದು. ಅದರೊಳಗೆ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದೆ. ಮೈಕ್‌ನಲ್ಲಿ ಆಡಿದ ಮಾತು ಮೊದಲು ಅಂಕಿಗಳಾಗುತ್ತದೆ. ಹಳೆಯ ಸೆಟ್ಟುಗಳಲ್ಲಿ ಸುರುಳಿ, ಸ್ಫಟಿಕಗಳು ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಲೆಕ್ಕವೇ ಮಾಡುತ್ತದೆ.

ಆದರೂ ಆಚೆಯಿಂದ ‘ಓಎಂ, ನಿಮ್ಮ ದನಿ ಒಡೆಯುತ್ತಿದೆ’ ಎಂಬ ದೂರು ಬರುವುದುಂಟು. ಕೇಳಿಸಲಿಲ್ಲವೇನೋ ಎಂದು ಇನ್ನಷ್ಟು ಜೋರಾಗಿ ಮಾತಾಡಿದರೆ ದನಿ ಇನ್ನೂ ಕೆಡುತ್ತದೆ. ಏಕೆಂದರೆ ಅಂಕಿಗೆ ಮಿತಿಯುಂಟು. 16 ಬಿಟ್‌ನ ಲೆಕ್ಕದಲ್ಲಿ ಅತಿ ದೊಡ್ಡ ಸಂಖ್ಯೆ 32,767. ದನಿ ಅದಕ್ಕಿಂತ ಮೇಲೆ ಹೋದರೆ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ, ಸೇರಿನ ಮೇಲೆ ರಾಶಿಯಾದ ಅಕ್ಕಿಯನ್ನು ಅಂಗೈಯಲ್ಲಿ ಸವರಿ ಹಾಕಿದ ಹಾಗೆ. ಸವರಿದ ಕಾಳು ಮಾಯವಾಗುವುದಿಲ್ಲವಲ್ಲ, ಸುತ್ತ ಚೆಲ್ಲುತ್ತದೆ. ಇಲ್ಲೂ ಹಾಗೆಯೇ: ನಿಮ್ಮ ಮಾತಿನಲ್ಲಿಲ್ಲದ ಹೊಸ ಸ್ವರಗಳು ಹುಟ್ಟುತ್ತವೆ. ಕೆಲವೊಮ್ಮೆ ಅವು ಪಕ್ಕದ ತರಂಗಾಂತರದಲ್ಲಿ ಮಾತಾಡುತ್ತಿರುವವರ ಕಿವಿಗೂ ಕರ್ಕಶವಾಗಿ ಬೀಳುತ್ತವೆ.

ಆದ್ದರಿಂದ ಹುಡುಕಾಟ ಮೈಕ್‌ನಿಂದಲೇ ಶುರುವಾಗಲಿ. ಕಂಪ್ಯೂಟರಿನ ‘ಮೈಕ್ ಬೂಸ್ಟ್’ ಆಫ್ ಮಾಡಿ. ವಿಡಿಯೊ ಕರೆಗೆಂದು ಇರುವ ಗದ್ದಲ ತಗ್ಗಿಸುವ ವ್ಯವಸ್ಥೆಯೂ ಬೇಡ; ಅದು ಮಾತಿನ ಮೊದಲಕ್ಷರವನ್ನೇ ನುಂಗೀತು. ದನಿಯ ಮಟ್ಟ ತೋರುವ ಪಟ್ಟಿ ಕೆಂಪು ಮುಟ್ಟದಷ್ಟು ತಗ್ಗಿಸಿ. ಇಲ್ಲೊಂದು ಮೋಸವಿದೆ. ಮುಂದಿನ ಹಂತದಲ್ಲಿ ಎಎಲ್‌ಸಿ ಎಂಬ ಕಾವಲುಗಾರ ಕೂತಿರುತ್ತಾನೆ. ರೇಡಿಯೊದ ಶಕ್ತಿ ಮಿತಿ ಮೀರದಂತೆ ತಡೆಯುವುದು ಅವನ ಕೆಲಸ. ಮೈಕ್‌ನಲ್ಲೇ ಒಡೆದು ಬಂದ ದನಿ ಮೆಲ್ಲಗಿದ್ದರೆ ಅವನು ಸುಮ್ಮನೆ ಒಳಗೆ ಬಿಡುತ್ತಾನೆ. ಮೀಟರುಗಳೆಲ್ಲ ಸರಿಯಾಗಿಯೇ ಕಾಣುತ್ತವೆ, ದನಿ ಮಾತ್ರ ಹಾಳು.

ಮಟ್ಟ ತಗ್ಗಿಸಿದರೂ ಒಡೆದರೆ? ಆಂಟೆನಾ ಬಿಚ್ಚಿ, ಅದರ ಜಾಗದಲ್ಲಿ 50 ಓಮ್‌ನ ಡಮ್ಮಿ ಲೋಡ್ ಹಾಕಿ. ಶಕ್ತಿಯನ್ನು ಶಾಖವಾಗಿ ನುಂಗುವ ಪೆಟ್ಟಿಗೆ ಅದು. ಈಗ ದನಿ ತಿಳಿಯಾದರೆ, ಆಂಟೆನಾದ ಅಲೆಯೇ ಹಿಂದಿರುಗಿ ಮೈಕ್ ಅಥವಾ ಯುಎಸ್‌ಬಿ ತಂತಿಗೆ ನುಗ್ಗುತ್ತಿತ್ತು ಎಂದಾಯಿತು. ತಂತಿಗೆ ಫೆರೈಟ್ ಉಂಗುರ ತೊಡಿಸಿ, ಆಂಟೆನಾವನ್ನು ಮೇಜಿನಿಂದ ದೂರ ಕಟ್ಟಿ. ದನಿ ಟಪ್ ಟಪ್ ಎಂದು ತುಂಡಾಗುತ್ತಿದ್ದರೆ ಅದು ಬೇರೆ ಕಾಯಿಲೆ: ಕಂಪ್ಯೂಟರ್ ಲೆಕ್ಕದಲ್ಲಿ ಹಿಂದೆ ಬಿದ್ದಿದೆ, ಉಳಿದ ಪ್ರೋಗ್ರಾಂ ಮುಚ್ಚಿ. ಮಳೆಗಾಲದಲ್ಲಿ ಬ್ಯಾಟರಿಯ ಮೇಲೆ ನಡೆಸುವವರು ವೋಲ್ಟ್ ಮೀಟರನ್ನೂ ನೋಡಲಿ. 100 ವಾಟ್‌ನ ಸೆಟ್ಟು ಮಾತಾಡುವಾಗ ಸುಮಾರು 20 ಆಂಪಿಯರ್ ಎಳೆಯುತ್ತದೆ. ತೆಳ್ಳಗಿನ ತಂತಿಯಲ್ಲಿ ವೋಲ್ಟೇಜ್ ಇಳಿದು ದನಿ ಒರಟಾಗುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕು ಗುಂಡಿ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ವಾಸಿಯಾಯಿತೆಂದು ಶಿವನಿಗೂ ತಿಳಿಯದು.

ಲೈಸೆನ್ಸ್ ಇಲ್ಲದವರಿಗೂ ಇಲ್ಲಿ ಕೆಲಸವಿದೆ. ಡಮ್ಮಿ ಲೋಡ್ ಹಾಕಿಯೇ ಇರಲಿ, ಇನ್ನೊಂದು ಕೋಣೆಯಲ್ಲಿ ಬೇರೊಂದು ರಿಸೀವರ್ ಇಡಿ. ಲೈಸೆನ್ಸ್ ಉಳ್ಳ ದೊಡ್ಡವರು ಹತ್ತು ಸಂಖ್ಯೆ, ಹತ್ತು ಊರಿನ ಹೆಸರು ಓದಲಿ. ನೀವೂ ಅಜ್ಜಿಯೂ ಹೆಡ್‌ಫೋನ್ ಹಾಕಿ ಬೇರೆ ಬೇರೆ ಬರೆದುಕೊಳ್ಳಿ. ಇಬ್ಬರ ಚೀಟಿಯೂ ತಾಳೆಯಾಗುವವರೆಗೆ ಅವರು ಮೈಕ್ ಮಟ್ಟ ತಗ್ಗಿಸುತ್ತಿರಲಿ.