ಯೋಕ್ ಮಾಡಿದ ಕೈಯನ್ನು ನೋಡಿ



ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ವಾರ್ಡಿನ ಗುರ್ಕಾರರು ಯುವಜನರ ಕೋಣೆಗೆ ಬಂದರು. ಮೇಜಿನ ಮೇಲೆ ಪಿವಿಸಿ ಪೈಪು, ಡ್ರಾವರಿನ ಚಾನಲ್, ಸ್ಪ್ರಿಂಗು, ವೈರು ಹರಡಿದ್ದವು. "ಎಂತ ಮಾರಾಯ ಇದು? ಗೇಮ್ ಆಡ್ಲಿಕ್ಕೆ ಇಷ್ಟೆಲ್ಲ ಉಂಟಾ?" ಎಂದರು. ಅವರು ಹಿರಿಯರು, ಹಾಗಾಗಿ ಆಗ ಸುಮ್ಮನಿದ್ದೆ. ಆದರೆ ಅದೇ ಮಾತನ್ನು ಬೇರೆಯವರೂ ಆಡುತ್ತಿರುವುದರಿಂದ ಉತ್ತರ ಬರೆಯಲೇಬೇಕು.

ನಾವು ಮಾಡುತ್ತಿರುವುದು ಯೋಕ್. ಪೈಲಟ್ ಮುಂದೆ ಅರ್ಧ ಸ್ಟಿಯರಿಂಗಿನಂಥ ಹಿಡಿ ಇರುತ್ತದಲ್ಲ, ಅದು. ತಿರುಗಿಸಿದರೆ ವಿಮಾನ ಆ ಕಡೆ ವಾಲುತ್ತದೆ, ಎಳೆದರೆ ಮೂತಿ ಮೇಲೇಳುತ್ತದೆ. ಕಂಪ್ಯೂಟರಿನಲ್ಲಿ ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ಯುಲೇಟರ್ ಇದೆ. ಅದನ್ನು ಕೀಬೋರ್ಡಿನ ಬದಲು ನಿಜವಾದ ಹಿಡಿಯಿಂದ ನಡೆಸಬೇಕೆಂಬುದು ನಮ್ಮ ಆಸೆ. ಖರ್ಚು ನಾಲ್ವರ ಕೈಯಿಂದಲೇ ಆಯಿತು. ಯೂತ್ ಫಂಡಿನ ಒಂದು ರೂಪಾಯಿಯನ್ನೂ ಮುಟ್ಟಿಲ್ಲ.

ಗೇಮಿನ ಚಟ ಕೆಟ್ಟದ್ದು ಎಂಬುದನ್ನು ಒಪ್ಪುತ್ತೇನೆ. ರಾತ್ರಿ ಎರಡು ಗಂಟೆವರೆಗೆ ಮೊಬೈಲ್ ಒತ್ತಿ ಭಾನುವಾರ ಪೂಜೆಗೆ ಏಳದವರು ನಮ್ಮಲ್ಲೂ ಇದ್ದಾರೆ. ಆದರೆ ನಮ್ಮ ಈ ನಾಲ್ವರು ಮೂರು ವಾರ ಆಟವನ್ನೇ ಆಡಿಲ್ಲ. ಅಳತೆ ಮಾಡಿದರು, ಕೊಯ್ದರು, ತಪ್ಪಿದರು, ಬಿಚ್ಚಿ ಮತ್ತೆ ಜೋಡಿಸಿದರು.

"ಬೇಕಾದರೆ ಆನ್‌ಲೈನಲ್ಲಿ ತರಿಸಿ, ಯಾಕೆ ಒದ್ದಾಟ?" ಎನ್ನುವವರೂ ಇದ್ದಾರೆ. ಅವರಿಗೆ ನನ್ನದೇ ಕಥೆ ಹೇಳುತ್ತೇನೆ. ಹಿಡಿ ಎಷ್ಟು ತಿರುಗಿತು ಎಂದು ಕಂಪ್ಯೂಟರಿಗೆ ತಿಳಿಸಲು ಪೊಟೆನ್ಶಿಯೋಮೀಟರ್ ಬೇಕು. ನಾನೇ ಅಂಗಡಿಗೆ ಹೋಗಿ 10 ಕಿಲೋ ಓಮಿನದ್ದು ತಂದು ಕೂರಿಸಿದೆ. ಹಿಡಿ ನೇರವಾಗಿದ್ದರೂ ಪರದೆಯ ವಿಮಾನ ಒಂದೇ ಕಡೆ ವಾಲುತ್ತಿತ್ತು. ಬಿಎಸ್ಸಿ ಓದಿದ ನಾನು ಎರಡು ಸಂಜೆ ಪ್ರೋಗ್ರಾಮಿನಲ್ಲೇ ತಪ್ಪು ಹುಡುಕಿದೆ. ಐಟಿಐ ಓದುವ ಹುಡುಗ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಅಣ್ಣ, ಇದು ವಾಲ್ಯೂಮಿಗೆ ಹಾಕುವಂಥದ್ದು" ಎಂದ. ಅದರಲ್ಲಿ ರೋಧ ಸಮವಾಗಿ ಏರುವುದಿಲ್ಲ, ನಮ್ಮ ಕಿವಿಗೆ ಕೇಳುವ ರೀತಿಗೆ ಹೊಂದಿಕೊಂಡು ಏರುತ್ತದೆ. ನಮಗೆ ಬೇಕಿದ್ದದ್ದು ಸಮವಾಗಿ ಏರುವ ಲೀನಿಯರ್. ಅದನ್ನು ಹಾಕಿದ ಮೇಲೆ ವಿಮಾನ ನೇರವಾಯಿತು.

ಮುಂದಿನ ತೊಡಕನ್ನು ಬಿಡಿಸಿದವನೂ ಅವನೇ. ಪೊಟೆನ್ಶಿಯೋಮೀಟರ್ ಸುಮಾರು 270 ಡಿಗ್ರಿ ತಿರುಗುತ್ತದೆ, ನಮ್ಮ ಹಿಡಿ ತಿರುಗುವುದು 180 ಮಾತ್ರ. ಆರ್ಡುಯಿನೋ ಬೋರ್ಡು 0ಯಿಂದ 1023ರವರೆಗೆ ಓದಬಲ್ಲದಾದರೂ ನಮಗೆ ದಕ್ಕುವುದು ಅದರ ಮೂರರಲ್ಲಿ ಎರಡು ಭಾಗ. ಆ ಲೆಕ್ಕ ಹಾಕಿ ಎರಡು ತುದಿಗಳನ್ನೂ ಮಧ್ಯವನ್ನೂ ಪ್ರೋಗ್ರಾಮಿಗೆ ಹೇಳಿಕೊಡಬೇಕಾಯಿತು. ಕೊಂಡು ತಂದಿದ್ದರೆ ಈ ಲೆಕ್ಕ ನಮ್ಮ ತಲೆಗೆ ಬರುತ್ತಿರಲೇ ಇಲ್ಲ.

"ಆಟಿಕೆ" ಎಂಬ ಮಾತು ಹೊಸದಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಅವರ ತಂದೆಗೆ ಪಿಯಾನೊ, ಆರ್ಗನ್ ಮಾಡುವ ಕಾರ್ಖಾನೆ ಇತ್ತು. ಆರ್ಗನ್ನಿಗೆ ಗಾಳಿ ಊದುವ ತಿದಿಗಳನ್ನೇ ಬಳಸಿ ಲಿಂಕ್ 1929ರಲ್ಲಿ ನೆಲ ಬಿಡದೆ ವಾಲುವ, ಏರುವ ವಿಮಾನ ತರಬೇತಿ ಯಂತ್ರ ಕಟ್ಟಿದರು. ಮೊದಮೊದಲು ಅದನ್ನು ಕೊಂಡವರು ಮನರಂಜನಾ ಪಾರ್ಕಿನವರು. 1934ರಲ್ಲಿ ಕೆಟ್ಟ ಹವೆಯಲ್ಲಿ ಅಂಚೆ ಸಾಗಿಸುತ್ತಿದ್ದ ಸೇನಾ ಪೈಲಟ್‌ಗಳು ಒಬ್ಬರ ಹಿಂದೆ ಒಬ್ಬರು ಸತ್ತಾಗ ಸೇನೆ ಅಂಥ 6 ಯಂತ್ರ ಕೊಂಡಿತು. ಎರಡನೇ ಮಹಾಯುದ್ಧದ ವೇಳೆಗೆ ಲಕ್ಷಾಂತರ ಮಂದಿ ಅದರಲ್ಲಿ ಕಲಿತರು.

ನನ್ನ ನಿಜವಾದ ತಕರಾರು ಗುರ್ಕಾರರ ಮೇಲಲ್ಲ, ನಮ್ಮ ಮೇಲೆಯೇ. ನಮ್ಮ ಸಂಘದಲ್ಲಿ ಡಿಗ್ರಿಯವರಿಗೆ ಮೈಕು, ಐಟಿಐಯವರಿಗೆ ಕುರ್ಚಿ ಹಾಕುವ ಕೆಲಸ. ನಾನೂ ಹಾಗೇ ಹಂಚಿದವನು. ಆ ಹುಡುಗ ಮೂರು ವರ್ಷದಿಂದ ಬರುತ್ತಿದ್ದಾನೆ, ಅವನಿಗೆ ಏನು ಗೊತ್ತೆಂದು ಒಂದು ದಿನವೂ ಕೇಳಿರಲಿಲ್ಲ. ನಜರೇತಿನವರು ಯೇಸುವನ್ನು ಹಗುರವಾಗಿ ಕಂಡದ್ದು ಬಡಗಿ ಎಂಬ ಕಾರಣಕ್ಕೇ ಎಂದು ಮಾರ್ಕನ ಶುಭಸಂದೇಶದ 6ನೇ ಅಧ್ಯಾಯ ಓದಿ ಬೇಸರಪಡುತ್ತೇವೆ. ಹೊರಗೆ ಬಂದು ನಾವೂ ಅದನ್ನೇ ಮಾಡುತ್ತೇವೆ.

ಯೋಕ್ ಎಂದರೆ ನೊಗ. ಯೇಸು ನೇಗಿಲು, ನೊಗ ಮಾಡುತ್ತಿದ್ದರು ಎಂದು ಎರಡನೇ ಶತಮಾನದ ಸಂತ ಜಸ್ಟಿನ್ ಬರೆದಿದ್ದಾರೆ. ನೊಗ ಮಾಡುವುದು ನಮ್ಮ ಪ್ರಭುವಿಗೆ ಕೀಳಾಗಿ ಕಾಣಲಿಲ್ಲ.

ಆದ್ದರಿಂದ ಧರ್ಮಕೇಂದ್ರದ ಹಿರಿಯರಲ್ಲಿ ಎರಡು ಕೋರಿಕೆ. ಉಪಕರಣ ಇಡಲು ಹಾಲಿನಲ್ಲಿ ಒಂದು ಬೀರು ಕೊಡಿ. ಶನಿವಾರದ ಒಂದು ಸಂಜೆ ಕೈಕೆಲಸಕ್ಕೆ ಬಿಟ್ಟುಕೊಡಿ. ಕಲಿಸಲು ಆ ಹುಡುಗ ಒಪ್ಪಿದ್ದಾನೆ. ಕುರ್ಚಿಗಳನ್ನು ಇನ್ನು ನಾನು ಹಾಕುತ್ತೇನೆ.

ಗುರ್ಕಾರರೇ, ಮುಂದಿನ ಭಾನುವಾರ ಬನ್ನಿ. ಮೊದಲು ಹಿಡಿ ನೀವೇ ಹಿಡಿಯಬೇಕು.