ವಾರದ ವಿಜ್ಞಾನ: ದೋಣಿಗೆ ವಿದ್ಯುತ್ತನ್ನು ಉಣಿಸುವುದೆಲ್ಲಿ?

ನಂಜನಗೂಡಿನ ವಾಚಕರೊಬ್ಬರ ಕಾಗದವು ಮೇಜಿನ ಮೇಲಿದೆ. ಅವರ ಅಳಿಯನು ಮಲ್ಪೆಯ ಮೀನುದೋಣಿಯೊಂದರಲ್ಲಿ ದುಡಿಯುತ್ತಿರುವನು. ನಡುರಾತ್ರಿ ಇಂಜಿನನ್ನು ಚಾಲನೆಗೊಳಿಸಿದೊಡನೆ ಜಿ.ಪಿ.ಎಸ್., ಆಳಮಾಪಕ ಎಲ್ಲವೂ ಒಮ್ಮೆಗೇ ಆರಿಹೋಗುವುವಂತೆ. ಅವು ಮರಳಿ ಎಚ್ಚರಗೊಳ್ಳುವ ತನಕ ಬಂಡೆಯೆಲ್ಲಿ, ಬಂದರೆಲ್ಲಿ ಎಂಬುದು ತಿಳಿಯದು. ಕಾರಣವೇನೆಂದು ಕೇಳಿದ್ದಾರೆ.

ತಿರುಮಕೂಡಲಿನ ಸಂಗಮದಲ್ಲಿ ಹರಿಗೋಲು ನಡೆಸುವವನಿಗೆ ಈ ಚಿಂತೆಯಿಲ್ಲ. ಆಳವನ್ನು ಅವನ ಗಳವೇ ಹೇಳುವುದು. ಕಡಲಿನ ಹೊಸ ದೋಣಿಗಳಲ್ಲಾದರೋ ಉಪಕರಣಗಳನ್ನು ಒಂದೇ ಕೇಬಲಿನ ಬೆನ್ನೆಲುಬಿಗೆ ಜೋಡಿಸುವ ಪದ್ಧತಿಯುಂಟು. ಎನ್.ಎಂ.ಇ.ಎ. ೨೦೦೦ ಎಂದು ಅದರ ಹೆಸರು. ಸುದ್ದಿ ಹರಿಯುವ ಕೇಬಲಿನಲ್ಲಿಯೇ ೧೨ ವೋಲ್ಟಿನ ವಿದ್ಯುತ್ತೂ ಹರಿಯುವುದು. ಅದು ೯ ವೋಲ್ಟಿಗಿಂತ ಕೆಳಗಿಳಿಯಬಾರದು, ೧೬ನ್ನು ಮೀರಬಾರದು. ದೋಣಿಯಲ್ಲಿರುವುದು ೨೪ ವೋಲ್ಟಿನ ಬ್ಯಾಟರಿಯಾದರೆ ನಡುವೆ ಪರಿವರ್ತಕವೊಂದು ಬೇಕೇಬೇಕು.

ಇಂಜಿನ್ನನ್ನು ತಿರುಗಿಸುವ ಮೋಟಾರು ನೂರಾರು ಆಂಪಿಯರುಗಳನ್ನು ಒಂದೇ ಗುಕ್ಕಿಗೆ ಸೆಳೆಯುತ್ತದೆ. ಅದೇ ಬ್ಯಾಟರಿಯನ್ನು ನಂಬಿದ ಉಪಕರಣಗಳ ಪಾಲಿನ ಒತ್ತಡ ಕುಸಿಯದೆ ಇನ್ನೇನಾದೀತು? ಆದುದರಿಂದ ಅವುಗಳಿಗೆ ಬೇರೊಂದು ಬ್ಯಾಟರಿಯಿರಬೇಕು.

ಇಷ್ಟರಿಂದಲೇ ತೊಂದರೆ ತೀರಲಿಲ್ಲ. ತಂತಿಯೂ ತನ್ನ ಸುಂಕವನ್ನು ವಸೂಲು ಮಾಡುವುದು. ಒಂದು ಓಮ್ ತಡೆಯುಳ್ಳ ಬೆನ್ನೆಲುಬಿನ ಉದ್ದಕ್ಕೂ ಸಮನಾಗಿ ಹಂಚಿರುವ ಉಪಕರಣಗಳು ಒಟ್ಟು ೨ ಆಂಪಿಯರ್ ಬಳಸುವುವೆನ್ನಿ. ಒಂದು ತುದಿಯಿಂದ ಉಣಿಸಿದರೆ ಇನ್ನೊಂದು ತುದಿಯಲ್ಲಿ ಒಂದು ವೋಲ್ಟ್ ನಷ್ಟ; ನಟ್ಟನಡುವೆ ಉಣಿಸಿದರೆ ಕಾಲು ವೋಲ್ಟ್ ಮಾತ್ರ! ತಂತಿ ಅದೇ, ಬ್ಯಾಟರಿ ಅದೇ.

ಈ ಸುಂಕದ ಕಾಟ ನಮ್ಮ ಸೀಮೆಗೆ ಹೊಸದಲ್ಲ. ಕಪಿಲೆಯನ್ನು ಕೂಡಿಕೊಂಡ ಕಾವೇರಿಯು ತಲಕಾಡನ್ನು ಹಾದು ಶಿವನಸಮುದ್ರದಲ್ಲಿ ಧುಮುಕುವಳಷ್ಟೆ. ೧೯೦೨ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು ೧೪೭ ಕಿಲೋಮೀಟರು ದೂರ ವಿದ್ಯುತ್ತನ್ನು ಕಳುಹಿಸಿದವರು ಸಾವಿರಾರು ವೋಲ್ಟುಗಳ ಒತ್ತಡವನ್ನೇರಿಸಿ ನಷ್ಟವನ್ನು ತಗ್ಗಿಸಿದರು. ದೋಣಿಯವನಿಗೆ ಆ ಉಪಾಯವಿಲ್ಲ. ದಪ್ಪ ತಂತಿ, ನಡುವಣ ಜೋಡಣೆ, ಉಪ್ಪುಗಾಳಿಗೆ ಕಿಲುಬು ಹಿಡಿಯದ ಕೊಂಡಿ, ಇವೇ ಅವನ ಬಂಡವಾಳ.

ಬ್ಯಾಟರಿಯ ಸಮೀಪದಲ್ಲಿ ಫ್ಯೂಸು ಇರಲಿ. ನಷ್ಟ ತಪ್ಪೀತೆಂದು ಎರಡು ಕಡೆ ವಿದ್ಯುತ್ತನ್ನು ಸೇರಿಸುವ ಜಾಣತನ ಬೇಡ. ನಡುವೆ ವಿದ್ಯುತ್ತಿನ ತಂತಿಯನ್ನು ಬೇರ್ಪಡಿಸದೆ ಹಾಗೆ ಮಾಡುವುದು ಅಪಾಯ. ಹೊಟ್ಟೆಬಾಕ ರೇಡಾರಿಗೆ ಅದರದೇ ತಂತಿಯನ್ನು ಕೊಡಬೇಕು.

ಅಳಿಯನು ಮುಂದಿನ ಸಲ ಕಡಲಿಗಿಳಿಯುವ ಮುನ್ನ, ದಕ್ಕೆಯಲ್ಲಿಯೇ, ಕೇಬಲಿನ ಕಟ್ಟಕಡೆಯ ತುದಿಗೆ ವೋಲ್ಟ್‌ಮಾಪಕವನ್ನು ಹಿಡಿದು ಇಂಜಿನನ್ನು ಚಾಲನೆಗೊಳಿಸಿ ನೋಡಲಿ. ಮುಳ್ಳು ಎಲ್ಲಿಯವರೆಗೆ ಇಳಿಯಿತೆಂಬುದನ್ನು ನಮಗೂ ಬರೆದು ತಿಳಿಸಿದರೆ ಸಂತೋಷ.